ಗ್ಯಾಸ್ ಒಲೆ: ಉರಿ ನೋಡಿ ದೋಷ ಅರಿಯುವ ಬಗೆ

ಗ್ಯಾಸ್ ಒಲೆಯಲ್ಲಿ ಚಲಿಸುವ ಭಾಗಗಳು ಬಹಳ ಕಡಿಮೆ. ನಾಬ್ ತಿರುಗುತ್ತದೆ, ಅದರ ಹಿಂದಿನ ಕವಾಟ ತೆರೆಯುತ್ತದೆ. ಉಳಿದದ್ದೆಲ್ಲ ಕೊಳವೆ, ರಂಧ್ರ ಮತ್ತು ಗಾಳಿಯ ಕೆಲಸ. ಹೀಗಾಗಿ ಒಳ್ಳೆಯ ಒಲೆ ವರ್ಷಗಟ್ಟಲೆ ತಕರಾರಿಲ್ಲದೆ ಉರಿಯುತ್ತದೆ. ಕೆಟ್ಟಾಗಲೂ ಬಹುಪಾಲು ದೋಷಗಳಿಗೆ ಕಾರಣ ಕಟ್ಟಿಕೊಂಡ ಕೊಳೆ, ಸವೆದ ರಬ್ಬರು ಅಥವಾ ಜಾಗ ತಪ್ಪಿ ಕೂತ ಬಿಡಿಭಾಗ. ದೋಷ ಎಲ್ಲಿದೆ ಎಂಬುದನ್ನು ಉರಿಯ ಬಣ್ಣ, ಆಕಾರ ಮತ್ತು ಸದ್ದಿನಿಂದಲೇ ಬಹುಮಟ್ಟಿಗೆ ಕಂಡುಕೊಳ್ಳಬಹುದು. ಅವುಗಳಲ್ಲಿ ಯಾವುದನ್ನು ಮನೆಯವರೇ ಸರಿಪಡಿಸಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದಕ್ಕೂ ಸ್ಪಷ್ಟವಾದ ಒಂದು ಗಡಿಯಿದೆ. ಬರ್ನರಿನ ಬುಡದಲ್ಲಿ ಕೂತಿರುವ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡೇ ಆ ಗಡಿ.

ಸಿಲಿಂಡರಿನಿಂದ ಉರಿಯವರೆಗೆ

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಎಲ್‌ಪಿಜಿ ಇರುತ್ತದೆ. ಇದು ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ. ಒತ್ತಡದಲ್ಲಿ ತುಂಬಿರುವುದರಿಂದ ಸಿಲಿಂಡರಿನೊಳಗೆ ಅದು ದ್ರವರೂಪದಲ್ಲಿದ್ದು, ಮೇಲ್ಭಾಗದಲ್ಲಷ್ಟೇ ಅನಿಲವಾಗಿರುತ್ತದೆ. ನಾಬ್ ತಿರುಗಿಸಿದಾಗ ಮೇಲಿನ ಅನಿಲ ಹೊರಗೆ ಹರಿಯುತ್ತದೆ, ಕೆಳಗಿನ ದ್ರವ ಕುದಿದು ಆ ಜಾಗ ತುಂಬುತ್ತದೆ. ದ್ರವ ಅನಿಲವಾದಾಗ ಅದರ ಗಾತ್ರ ಸುಮಾರು 250 ಪಟ್ಟು ಹಿಗ್ಗುತ್ತದೆ. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಬೇಕು ಎಂಬ ನಿಯಮ ಹುಟ್ಟಿದ್ದು ಇಲ್ಲಿಂದ. ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ, ಪೈಪಿನಲ್ಲಿ ಹಿಗ್ಗಿ, ಒಲೆಯಲ್ಲಿ ಉರಿ ಭುಗಿಲೇಳಬಹುದು. ಗ್ಯಾಸ್ ಮುಗಿಯುತ್ತ ಬಂದಾಗ ಸಿಲಿಂಡರನ್ನು ಉರುಳಿಸಿ ಕೊನೆಯ ಹನಿಯನ್ನೂ ಬಳಸುವ ರೂಢಿ ಅಪಾಯದ್ದು.

ಸಿಲಿಂಡರಿನೊಳಗಿನ ಒತ್ತಡ ನಮ್ಮ ಹವೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋಗ್ರಾಂ. ಅದನ್ನು ಚದರ ಸೆಂಟಿಮೀಟರಿಗೆ 30 ಗ್ರಾಂ ಆಸುಪಾಸಿಗೆ ಇಳಿಸುವುದು ರೆಗ್ಯುಲೇಟರಿನ ಕೆಲಸ. ನೂರು ಪಟ್ಟಿಗೂ ಹೆಚ್ಚು ಒತ್ತಡವನ್ನು ತಗ್ಗಿಸುವ ಈ ಸಾಧನದೊಳಗೆ ಒಂದು ರಬ್ಬರ್ ಪೊರೆ ಮತ್ತು ಸ್ಪ್ರಿಂಗು ಇರುತ್ತವೆ. ರೆಗ್ಯುಲೇಟರನ್ನು ಮನೆಯಲ್ಲಿ ಬಿಚ್ಚಿ ರಿಪೇರಿ ಮಾಡುವಂತಿಲ್ಲ. ಕೆಟ್ಟರೆ ಏಜೆನ್ಸಿಯಿಂದ ಬದಲಿಸಿಕೊಳ್ಳುವುದೊಂದೇ ದಾರಿ.

ಅಲ್ಲಿಂದ ರಬ್ಬರ್ ಪೈಪಿನ ಮೂಲಕ ಒಲೆಗೆ ಬಂದ ಅನಿಲ ನಾಬಿನ ಕವಾಟ ದಾಟಿ ಜೆಟ್ ತಲುಪುತ್ತದೆ. ಜೆಟ್ಟಿನ ರಂಧ್ರ ಒಂದು ಮಿಲಿಮೀಟರಿಗಿಂತಲೂ ಕಿರಿದು. ಆ ಕಿರುದಾರಿಯಿಂದ ರಭಸವಾಗಿ ಚಿಮ್ಮುವ ಅನಿಲ ಸುತ್ತಲಿನ ಗಾಳಿಯನ್ನು ತನ್ನೊಡನೆ ಎಳೆದುಕೊಂಡು ಬರ್ನರಿನ ಕೊಳವೆಯೊಳಗೆ ನುಗ್ಗುತ್ತದೆ. ಕೊಳವೆಯಲ್ಲಿ ಎರಡೂ ಬೆರೆತು, ಬರ್ನರಿನ ಮುಚ್ಚಳದ ಸಣ್ಣ ತೂತುಗಳಿಂದ ಹೊರಬಂದು ಹೊತ್ತಿಕೊಳ್ಳುತ್ತವೆ. 1855ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸೆನ್ ರೂಪಿಸಿದ, ಇಂದಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ಕಾಣುವ ಬರ್ನರು ದುಡಿಯುವುದೂ ಇದೇ ತತ್ವದ ಮೇಲೆ.

ಜೆಟ್ಟಿಗಿಂತ ಹಿಂದೆ, ಅಂದರೆ ಸಿಲಿಂಡರಿನ ಕಡೆಗೆ, ಅನಿಲ ಮುಚ್ಚಿದ ದಾರಿಯಲ್ಲಿ ಒತ್ತಡದಲ್ಲಿ ಹರಿಯುತ್ತದೆ. ಅಲ್ಲಿನ ಒಂದು ಜೋಡಣೆ ಸಡಿಲವಾದರೂ ಸೋರಿಕೆ ಖಚಿತ. ಜೆಟ್ಟಿನಿಂದ ಮುಂದೆ ಅನಿಲ ಬಯಲಿಗೆ ಬಂದಿರುತ್ತದೆ. ಅಲ್ಲಿರುವ ಬರ್ನರು, ಮುಚ್ಚಳ, ಪಾತ್ರೆ ಇಡುವ ಸ್ಟ್ಯಾಂಡು, ಕೆಳಗಿನ ತಟ್ಟೆ ಇವೆಲ್ಲ ಸಾಮಾನ್ಯವಾಗಿ ತಮ್ಮ ಭಾರದ ಮೇಲೆ ಕೂತಿರುತ್ತವೆ, ಕೈಯಿಂದಲೇ ಎತ್ತಿ ತೆಗೆಯಲು ಬರುತ್ತವೆ. ಕೈಯಿಂದ ಎತ್ತಬಹುದಾದ್ದು ಮನೆಯವರ ಕೆಲಸ. ಸ್ಪ್ಯಾನರು, ಸ್ಕ್ರೂಡ್ರೈವರು ಬೇಕಾಗುವುದು ಮೆಕ್ಯಾನಿಕ್ಕಿನ ಕೆಲಸ. ಒಲೆಯ ಆರೈಕೆಯಲ್ಲಿ ಮೊದಲು ನೆನಪಿಡಬೇಕಾದ ನಿಯಮ ಇದು.

ಒಳ್ಳೆಯ ಉರಿಯ ಲಕ್ಷಣ

ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನಿಗೆ ಸುಮಾರು 31 ಪಾಲು. ಇದರಲ್ಲಿ ಒಂದಷ್ಟು ಜೆಟ್ಟಿನ ಬಳಿ ಬೆರೆಯುತ್ತದೆ, ಉಳಿದದ್ದನ್ನು ಉರಿ ತನ್ನ ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಎರಡೂ ಸಾಕಷ್ಟು ಸಿಕ್ಕಾಗ ಉರಿ ನೀಲಿಯಾಗಿರುತ್ತದೆ. ಪ್ರತಿ ತೂತಿನ ಮೇಲೂ ಒಂದೇ ಎತ್ತರದ, ಚೂಪಾದ, ಹೊಳೆಯುವ ನೀಲಿ ತುದಿಗಳು ಸಾಲಾಗಿ ಕಾಣುತ್ತವೆ. ಅವುಗಳ ಸುತ್ತ ತೆಳುನೀಲಿಯ ಹೊರಪದರ ಇರುತ್ತದೆ. ಸದ್ದು ಮೆಲ್ಲನೆಯ ಸುಯ್ಯೆನ್ನುವಿಕೆ ಮಾತ್ರ. ಪಾತ್ರೆಯ ತಳ ಕಪ್ಪಾಗುವುದಿಲ್ಲ.

ಗಾಳಿ ಕಡಿಮೆಯಾದರೆ ಇಂಗಾಲದ ಕಣಗಳು ಪೂರ್ತಿ ಸುಡದೆ ಕೆಂಡದಂತೆ ಹೊಳೆಯುತ್ತವೆ. ಉರಿ ಹಳದಿಯಾಗುವುದು ಇದರಿಂದ. ಆ ಕಣಗಳೇ ಪಾತ್ರೆಯ ತಳಕ್ಕೆ ಮಸಿಯಾಗಿ ಹತ್ತುತ್ತವೆ. ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ವಿಷಾನಿಲ ಮೊದಲು ತಲೆನೋವು, ತಲೆಸುತ್ತು ತರುತ್ತದೆ, ಹೆಚ್ಚಾದರೆ ಪ್ರಾಣ ತೆಗೆಯುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರಿನಿಂದ ಸಾವುಗಳು ಸಂಭವಿಸಿರುವುದು ಇದೇ ಅನಿಲದಿಂದ. ಆದ್ದರಿಂದ ಹಳದಿ ಉರಿಯನ್ನು ಗ್ಯಾಸಿನ ಪೋಲು ಎಂದಷ್ಟೇ ಎಣಿಸದೆ, ಕಾರಣ ಹುಡುಕಿ ಸರಿಪಡಿಸಬೇಕು. ಅಡುಗೆ ನಡೆಯುವಾಗ ಒಂದು ಕಿಟಕಿಯಾದರೂ ತೆರೆದಿರಬೇಕು.

ಉರಿಯಲ್ಲಿ ಕಾಣುವ ಎಲ್ಲ ಬಣ್ಣವೂ ದೋಷವಲ್ಲ. ಉಪ್ಪು ಹಾಕಿದ ಸಾರು ಉಕ್ಕಿ ಬರ್ನರಿನ ಮೇಲೆ ಬಿದ್ದರೆ ಉರಿ ಕಿತ್ತಳೆಯಾಗುತ್ತದೆ. ಅದು ಉಪ್ಪಿನ ಸೋಡಿಯಂ ತೋರುವ ಬಣ್ಣ. ಗಾಳಿಯಲ್ಲಿ ಧೂಳಿದ್ದರೂ ಉರಿಯಲ್ಲಿ ಕಿತ್ತಳೆ ಕಿಡಿಗಳು ಹಾರುತ್ತವೆ. ಇವು ಸ್ವಲ್ಪ ಹೊತ್ತಿಗೆ ತಾವಾಗಿ ಹೋಗುತ್ತವೆ. ಇಡೀ ಉರಿ ಮೆತ್ತಗೆ, ಉದ್ದಕ್ಕೆ, ಹಳದಿಯಾಗಿ ಓಲಾಡುತ್ತ ಅದೇ ಸ್ಥಿತಿಯಲ್ಲಿ ಉಳಿದರೆ ಮಾತ್ರ ಗಾಳಿಯ ಕೊರತೆ ಎಂದು ತಿಳಿಯಬೇಕು.

ಸಿಲಿಂಡರ್ ಬದಲಿಸುವಾಗ

ಒಲೆಯ ಆರೈಕೆ ಶುರುವಾಗುವುದು ತುಂಬಿದ ಸಿಲಿಂಡರ್ ಬಾಗಿಲಿಗೆ ಬಂದಾಗ. ಆಗ ನೋಡಬೇಕಾದ ಸಂಗತಿಗಳು ನಾಲ್ಕು. ಮೊದಲನೆಯದು ತೂಕ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ನಮೂದಾಗಿರುತ್ತದೆ, ಅದಕ್ಕೆ 14.2 ಕಿಲೋಗ್ರಾಂ ಕೂಡಿಸಿದರೆ ತುಂಬಿದ ತೂಕ ಸಿಗುತ್ತದೆ. ಎರಡನೆಯದು ಸೀಲು ಮತ್ತು ಸುರಕ್ಷಾ ಮುಚ್ಚಳ ಸರಿಯಾಗಿರುವುದು. ಮೂರನೆಯದು ಸಿಲಿಂಡರಿನ ಮುಂದಿನ ಪರೀಕ್ಷೆಯ ಅವಧಿ. ಹಿಡಿಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಮತ್ತು ಎರಡು ಅಂಕಿಗಳಿರುತ್ತವೆ. ಎ ಅಂದರೆ ಮಾರ್ಚ್, ಬಿ ಅಂದರೆ ಜೂನ್, ಸಿ ಅಂದರೆ ಸೆಪ್ಟೆಂಬರ್, ಡಿ ಅಂದರೆ ಡಿಸೆಂಬರ್ ಕೊನೆ. ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಅಕ್ಷರ ಬಿ, ಅಂಕಿ 29 ಇದ್ದರೆ 2029ರ ಜೂನ್ ಕೊನೆಯೊಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು ಎಂದರ್ಥ. ಅವಧಿ ಮೀರಿದ ಸಿಲಿಂಡರನ್ನು ವಾಪಸು ಕಳಿಸಬಹುದು.

ನಾಲ್ಕನೆಯದು ಕವಾಟ. ಮುಚ್ಚಳ ತೆಗೆದಾಗ ಕವಾಟದ ಬಾಯೊಳಗೆ ಕಪ್ಪು ರಬ್ಬರ್ ಉಂಗುರ ಕಾಣಬೇಕು. ರೆಗ್ಯುಲೇಟರ್ ಕೂತಾಗ ಅನಿಲ ಹೊರಗೆ ಜಾರದಂತೆ ತಡೆಯುವುದು ಈ ಉಂಗುರ. ಅದು ಇಲ್ಲದಿದ್ದರೆ, ಹರಿದಿದ್ದರೆ ರೆಗ್ಯುಲೇಟರ್ ಹೊಸದಾಗಿದ್ದರೂ ಗ್ಯಾಸ್ ಸೋರುತ್ತದೆ. ಕವಾಟ ಸೋರುತ್ತಿದೆಯೇ ಎಂದು ಅದರ ಬಾಯಿಗೆ ಕೆಲವು ಹನಿ ನೀರು ಹಾಕಿ ನೋಡುವ ಪದ್ಧತಿಯಿದೆ. ಗುಳ್ಳೆ ಎದ್ದರೆ ಸಿಲಿಂಡರನ್ನು ಒಳಗೆ ತರಬಾರದು. ಸಿಲಿಂಡರ್ ತಂದವರ ಎದುರಿನಲ್ಲೇ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು.

ಸಿಲಿಂಡರ್ ಬದಲಿಸುವ ಮೊದಲು ಒಲೆಯ ಎಲ್ಲ ನಾಬ್‌ಗಳನ್ನೂ ರೆಗ್ಯುಲೇಟರನ್ನೂ ಮುಚ್ಚಬೇಕು. ಅಡುಗೆಮನೆಯಲ್ಲಿ, ಪಕ್ಕದ ದೇವರ ಕೋಣೆಯಲ್ಲಿ ಉರಿಯುವ ದೀಪ, ಊದುಬತ್ತಿ ಏನಿದ್ದರೂ ಆರಿಸಬೇಕು. ರೆಗ್ಯುಲೇಟರಿನ ಕೆಳಗಿನ ಕಪ್ಪು ಬಳೆಯನ್ನು ಮೇಲಕ್ಕೆ ಎತ್ತಿ ಹಿಡಿದು, ಕವಾಟದ ಮೇಲೆ ನೇರವಾಗಿ ಕೂರಿಸಿ, ಒತ್ತಿ, ಬಳೆಯನ್ನು ಬಿಟ್ಟಾಗ ಟಕ್ಕೆಂಬ ಸದ್ದು ಬರುತ್ತದೆ. ಆ ಸದ್ದು ಬಾರದಿದ್ದರೆ ರೆಗ್ಯುಲೇಟರ್ ಸರಿಯಾಗಿ ಕೂತಿಲ್ಲ. ಕೂತ ಮೇಲೆ ಮೆಲ್ಲಗೆ ಮೇಲಕ್ಕೆಳೆದರೂ ಅದು ಕಳಚಬಾರದು.

ಸಿಲಿಂಡರ್ ನೆಲದ ಮೇಲೆ, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಇರಬೇಕು. ಎಲ್‌ಪಿಜಿ ಗಾಳಿಗಿಂತ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರನ್ನು ಕಟ್ಟೆಯ ಕೆಳಗಿನ ಮರದ ಕಪಾಟಿನಲ್ಲಿ ಇಡುವ ಮನೆಗಳಲ್ಲಿ ಕಪಾಟಿನ ಬಾಗಿಲಿಗೆ ತಳದಲ್ಲೇ ಗಾಳಿಗಂಡಿ ಇರಬೇಕು. ನೆಲಮಟ್ಟಕ್ಕಿಂತ ತಗ್ಗಿನ ಕೋಣೆಯಲ್ಲಿ ಸಿಲಿಂಡರ್ ಇಡಬಾರದು.

ಪೈಪು ಮತ್ತು ಸೋರಿಕೆ

ಇಡೀ ವ್ಯವಸ್ಥೆಯಲ್ಲಿ ಬೇಗ ಮುಪ್ಪಾಗುವ ಭಾಗ ರಬ್ಬರ್ ಪೈಪು. ಒಲೆಯ ಶಾಖ, ಎಣ್ಣೆ ಜಿಡ್ಡು, ಬಾಗಿಸುವಿಕೆ, ಇಲಿ ಹಲ್ಲು ಎಲ್ಲವೂ ಅದನ್ನು ತಿನ್ನುತ್ತವೆ. ತೈಲ ಕಂಪನಿಗಳು ಕೊಡುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನೊಳಗೆ ತಂತಿಯ ಹೆಣಿಗೆ ಇರುವುದರಿಂದ ಇಲಿ ಸುಲಭವಾಗಿ ಕಡಿಯಲಾರದು. ಅದನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಅವಧಿ ಮುಗಿಯುವವರೆಗೆ ಕಾಯಬಾರದು. ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತಿಲ್ಲದ ಪೈಪು ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು.

ತಿಂಗಳಿಗೊಮ್ಮೆ ಪೈಪನ್ನು ಎರಡೂ ತುದಿಗಳ ಬಳಿ ತುಸು ಬಾಗಿಸಿ ನೋಡಿದರೆ ಬಿರುಕು ಬಾಯಿಬಿಟ್ಟು ಕಾಣುತ್ತದೆ. ತುದಿಗಳಲ್ಲೇ ಮೊದಲು ಬಿರುಕು ಬಿಡುವುದು ಹೆಚ್ಚು. ಅಲ್ಲಿ ರಬ್ಬರು ಲೋಹದ ಮೂತಿಯ ಮೇಲೆ ಹಿಗ್ಗಿ ಕೂತಿರುತ್ತದೆ. ಪೈಪಿನ ಮೇಲೆ ಅಂದಕ್ಕೆಂದು ಬಟ್ಟೆ ಅಥವಾ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಪೈಪು ಬರ್ನರಿನ ಕೆಳಗೆ ಅಥವಾ ಒಲೆಯ ಮೈಗೆ ತಾಗಿಕೊಂಡು ಹಾದುಹೋಗಬಾರದು, ಮಡಿಸಿಕೊಂಡಿರಬಾರದು. ಎರಡು ತುಂಡು ಪೈಪು ಸೇರಿಸಿ ಉದ್ದ ಮಾಡಬಾರದು.

ಸೋರಿಕೆ ಪತ್ತೆಗೆ ಸೋಪಿನ ನೀರೇ ಸಾಕು. ಒಲೆಯ ನಾಬ್‌ಗಳನ್ನು ಮುಚ್ಚಿ, ರೆಗ್ಯುಲೇಟರ್ ತೆರೆದು, ಪೈಪಿನ ಎರಡು ತುದಿ, ರೆಗ್ಯುಲೇಟರ್ ಕೂರುವ ಜಾಗ, ಪೈಪಿನ ಉದ್ದಕ್ಕೂ ದಪ್ಪ ನೊರೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಉಬ್ಬುತ್ತದೆ. ಕಡ್ಡಿ ಗೀರಿ ಸೋರಿಕೆ ಹುಡುಕುವುದು ಬೆಂಕಿಗೆ ಆಹ್ವಾನ. ಗಾಳಿಯಲ್ಲಿ ಎಲ್‌ಪಿಜಿ ಪ್ರಮಾಣ ಸುಮಾರು ಶೇಕಡ 2ರಿಂದ 9ರ ನಡುವೆ ಇದ್ದಾಗ ಒಂದು ಕಿಡಿಗೇ ಅದು ಹೊತ್ತಿಕೊಳ್ಳುತ್ತದೆ. ಶೇಕಡ 2 ಎಂಬುದು ಬಹಳ ಸಣ್ಣ ಪ್ರಮಾಣ; ಚಿಕ್ಕ ಅಡುಗೆಮನೆ ಆ ಮಟ್ಟ ತಲುಪಲು ಹೆಚ್ಚು ಗ್ಯಾಸ್ ಬೇಕಿಲ್ಲ.

ಶುದ್ಧ ಎಲ್‌ಪಿಜಿಗೆ ಗುರುತಿಸುವಷ್ಟು ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ನಾತದ ರಾಸಾಯನಿಕ ಬೆರೆಸುತ್ತಾರೆ. ಆ ವಾಸನೆ ಬಂದರೆ ಮಾಡಬೇಕಾದ್ದು ಹೀಗೆ: ಉರಿಯುವುದನ್ನೆಲ್ಲ ಆರಿಸಬೇಕು, ಒಲೆಯ ನಾಬ್, ರೆಗ್ಯುಲೇಟರ್ ಮುಚ್ಚಬೇಕು, ಕಿಟಕಿ ಬಾಗಿಲು ತೆರೆಯಬೇಕು, ರೆಗ್ಯುಲೇಟರ್ ಕಳಚಿ ಸಿಲಿಂಡರಿಗೆ ಸುರಕ್ಷಾ ಮುಚ್ಚಳ ಹಾಕಬೇಕು, ಎಲ್ಲರೂ ಹೊರಗೆ ಬರಬೇಕು. ವಿದ್ಯುತ್ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ. ಗಾಳಿ ಹೊರಹೋಗಲಿ ಎಂದು ಫ್ಯಾನ್ ಹಾಕುವುದು ಹಲವರು ಮಾಡುವ ತಪ್ಪು. ಹೊರಗೆ ಬಂದ ಮೇಲೆ ಫೋನ್ ಮಾಡಬೇಕು. ಎಲ್‌ಪಿಜಿ ತುರ್ತು ಸಹಾಯವಾಣಿ 1906 ದೇಶದಾದ್ಯಂತ ದಿನದ 24 ಗಂಟೆಯೂ ಲಭ್ಯ. ಸುರಕ್ಷಾ ಮುಚ್ಚಳವನ್ನು ದಾರದ ಸಮೇತ ಸಿಲಿಂಡರಿಗೇ ತೂಗಿಬಿಟ್ಟಿರಬೇಕು ಎನ್ನುವುದು ಸೋರಿಕೆಯಾದಾಗ ಕೂಡಲೇ ಹಾಕಲು ಸಿಗಲೆಂದೇ. ಕಿತ್ತು ಬಿಸಾಡಿದರೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಬರ್ನರ್ ತೊಳೆಯುವ ಕ್ರಮ

ನಮ್ಮ ಅಡುಗೆಯಲ್ಲಿ ಹಾಲು, ಅನ್ನದ ಗಂಜಿ, ಬೇಳೆಕಟ್ಟು ಉಕ್ಕುವುದು ದಿನನಿತ್ಯದ ಮಾತು. ಉಕ್ಕಿದ್ದು ಬರ್ನರಿನ ತೂತುಗಳಲ್ಲಿ ಇಳಿದು, ಶಾಖಕ್ಕೆ ಸುಟ್ಟು, ಗಟ್ಟಿ ಕರಿಯಾಗುತ್ತದೆ. ಅಂದಂದೇ ಒರೆಸಿದರೆ ಎರಡು ನಿಮಿಷದ ಕೆಲಸ. ವಾರ ಬಿಟ್ಟರೆ ಕೆರೆದು ತೆಗೆಯಬೇಕಾಗುತ್ತದೆ. ಒಲೆ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಮೈ ಒರೆಸುವುದು ನಿತ್ಯದ ಕೆಲಸ, ಬರ್ನರ್ ಮುಚ್ಚಳಗಳನ್ನು ತೆಗೆದು ತೊಳೆಯುವುದು ವಾರದ ಅಥವಾ ಹದಿನೈದು ದಿನದ ಕೆಲಸ ಎಂದು ಇಟ್ಟುಕೊಳ್ಳಬಹುದು.

ತೊಳೆಯುವ ಮೊದಲು ರೆಗ್ಯುಲೇಟರ್ ಮುಚ್ಚಬೇಕು. ಮುಚ್ಚಳಗಳನ್ನು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ಅರ್ಧ ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಹೆಚ್ಚಿನ ಕೊಳೆ ಬಿಡುತ್ತದೆ. ಹಿತ್ತಾಳೆಯ ಮುಚ್ಚಳಕ್ಕೆ ಪೂಜೆಯ ಪಾತ್ರೆಗೆ ಬಳಸುವ ಹುಣಸೆಹಣ್ಣೇ ಚೆನ್ನಾಗಿ ಒಗ್ಗುತ್ತದೆ. ಅದರ ಹುಳಿ ಲೋಹದ ಮೇಲಿನ ಕಪ್ಪನ್ನು ಕರಗಿಸುತ್ತದೆ. ಆದರೆ ಹುಣಸೆ, ನಿಂಬೆ, ವಿನೆಗರ್ ಯಾವುದೇ ಆಗಲಿ ರಾತ್ರಿಯಿಡೀ ನೆನೆಯಲು ಬಿಡಬಾರದು. ಹೆಚ್ಚು ಹೊತ್ತು ಹುಳಿಯಲ್ಲಿದ್ದರೆ ಲೋಹವೇ ಸವೆಯುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಸೋಡಾ ಪುಡಿಯೂ ಆಗದು, ಮೈ ಕಪ್ಪಾಗಿ ಒರಟಾಗುತ್ತದೆ.

ಕಟ್ಟಿಕೊಂಡ ಒಂದೊಂದು ತೂತನ್ನೂ ಸೂಜಿ ಅಥವಾ ಪಿನ್ನಿನಿಂದ ಬಿಡಿಸಬೇಕು. ಹಲ್ಲುಕಡ್ಡಿ ಬಳಸಬಾರದು, ಒಳಗೇ ಮುರಿದು ಉಳಿಯುತ್ತದೆ. ಈ ಸೂಜಿಯನ್ನು ಜೆಟ್ಟಿನ ರಂಧ್ರಕ್ಕೆ ಮಾತ್ರ ತೂರಿಸಬಾರದು. ಎಷ್ಟು ಅನಿಲ ಹರಿಯಬೇಕು ಎಂಬ ಲೆಕ್ಕಕ್ಕೆ ತಕ್ಕಂತೆ ಜೆಟ್ಟಿನ ರಂಧ್ರವನ್ನು ಕೊರೆದಿರುತ್ತಾರೆ. ಹಿತ್ತಾಳೆ ಮೆದು ಲೋಹ. ಉಕ್ಕಿನ ಸೂಜಿ ಅದನ್ನು ಕೂದಲೆಳೆಯಷ್ಟು ಅಗಲಿಸಿದರೂ ಅನಿಲ ಹೆಚ್ಚಾಗಿ ಗಾಳಿ ಸಾಲದಾಗುತ್ತದೆ, ಉರಿ ಶಾಶ್ವತವಾಗಿ ಹಳದಿಯಾಗುತ್ತದೆ. ಬರ್ನರಿನ ತೂತಿಗೆ ಸೂಜಿ ಮದ್ದು, ಜೆಟ್ಟಿಗೆ ಅದೇ ಹಾನಿ.

ತೊಳೆದ ಮುಚ್ಚಳವನ್ನು ಪೂರ್ತಿ ಒಣಗಿಸಿಯೇ ಇಡಬೇಕು. ತೂತಿನಲ್ಲಿ ನೀರು ಉಳಿದರೆ ಉರಿ ಸಿಡಿಯುತ್ತದೆ, ಒಂದು ಕಡೆ ಹತ್ತುವುದಿಲ್ಲ. ಮುಚ್ಚಳ ಅಲುಗಾಡದೆ ಮಟ್ಟಸವಾಗಿ ಕೂತಿದೆಯೇ, ಎರಡು ಬರ್ನರಿನ ಮುಚ್ಚಳಗಳು ಅದಲುಬದಲಾಗಿಲ್ಲವೇ ಎಂದು ನೋಡಬೇಕು. ಗಾಜಿನ ಮೈಯ ಒಲೆಯಾದರೆ ಬಿಸಿ ಇರುವಾಗ ತಣ್ಣೀರು ಹಾಕಬಾರದು, ಉಕ್ಕಿನ ನಾರಿನಿಂದ ಉಜ್ಜಬಾರದು. ಹಬ್ಬದ ದಿನ ದೊಡ್ಡ ಪಾತ್ರೆಯನ್ನು ಎರಡು ಬರ್ನರಿಗೂ ಅಡ್ಡಲಾಗಿ ಇಟ್ಟರೆ ಶಾಖ ಕೆಳಕ್ಕೇ ತಿರುಗಿ ಗಾಜು ಒಡೆಯುವ, ನಾಬ್ ಕರಗುವ ಸಂಭವವಿದೆ.

ಲಕ್ಷಣ, ಕಾರಣ, ಪರಿಹಾರ

ಒಲೆ ಹೊತ್ತುತ್ತಲೇ ಇಲ್ಲವೆಂದರೆ ಎರಡೂ ಬರ್ನರ್ ಪರೀಕ್ಷಿಸಬೇಕು. ಎರಡೂ ಹೊತ್ತದಿದ್ದರೆ ದೋಷ ಒಲೆಗಿಂತ ಹಿಂದಿದೆ: ಸಿಲಿಂಡರ್ ಖಾಲಿ, ರೆಗ್ಯುಲೇಟರ್ ಸರಿಯಾಗಿ ಕೂತಿಲ್ಲ ಅಥವಾ ಪೈಪು ಮಡಚಿಕೊಂಡಿದೆ. ಹೊಸ ಸಿಲಿಂಡರ್ ಹಾಕಿದ ಕೂಡಲೇ ಹೀಗಾದರೆ ರೆಗ್ಯುಲೇಟರನ್ನು ಒಮ್ಮೆ ಕಳಚಿ ಮತ್ತೆ ಕೂರಿಸಬೇಕು. ಒಂದು ಬರ್ನರ್ ಮಾತ್ರ ಹೊತ್ತದಿದ್ದರೆ ಅದರ ಜೆಟ್ ಕಟ್ಟಿಕೊಂಡಿದೆ. ಮೆಕ್ಯಾನಿಕ್ ಅದನ್ನು ಬಿಚ್ಚಿ ಸ್ವಚ್ಛ ಮಾಡುತ್ತಾರೆ ಅಥವಾ ಬದಲಿಸುತ್ತಾರೆ.

ಉರಿ ಹಳದಿಯಾಗಿದ್ದರೆ ಮೊದಲು ಮುಚ್ಚಳ ಸರಿಯಾಗಿ ಕೂತಿದೆಯೇ, ತೂತು ಬಿಡಿಸಿದೆಯೇ ಎಂದು ನೋಡಬೇಕು. ಅಷ್ಟಕ್ಕೂ ಸರಿಯಾಗದಿದ್ದರೆ ಬರ್ನರಿನ ಕೊಳವೆಯೊಳಗೆ ಅಡ್ಡಿ ಇರಬಹುದು. ರಜೆಯೆಂದು ಕೆಲವು ವಾರ ಮನೆ ಮುಚ್ಚಿ ಬಂದಾಗ ಚೆನ್ನಾಗಿದ್ದ ಒಲೆ ಹಳದಿ ಉರಿ ಕೊಡುವುದಕ್ಕೆ ಸಾಮಾನ್ಯ ಕಾರಣ ಜೇಡರ ಬಲೆ ಅಥವಾ ಹುಳದ ಗೂಡು. ಬರ್ನರನ್ನು ಎತ್ತಿ, ಕೊಳವೆಯೊಳಗೆ ಬಾಟಲಿ ತೊಳೆಯುವ ಸಣ್ಣ ಬ್ರಷ್ ಆಡಿಸಿದರೆ ಸಾಕು. ಕೆಲವು ಒಲೆಗಳಲ್ಲಿ ಕೊಳವೆಯ ಬಾಯಿಗೆ ಗಾಳಿ ಹೆಚ್ಚುಕಡಿಮೆ ಮಾಡುವ ತಗಡಿನ ಬಳೆ ಇರುತ್ತದೆ. ಅದು ಜರುಗಿದ್ದರೆ ಉರಿ ನೀಲಿಯಾಗುವವರೆಗೆ ಮೆಲ್ಲಗೆ ತೆರೆಯಬೇಕು. ಸಿಲಿಂಡರ್ ಮುಗಿಯುವ ಒಂದೆರಡು ದಿನ ಮೊದಲಷ್ಟೇ ಉರಿ ಕೆಂಪುಹಳದಿಗೆ ತಿರುಗಿ ಸಣ್ಣಗಾದರೆ ಅದು ಒಲೆಯ ದೋಷವಲ್ಲ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬ್ಯೂಟೇನ್ ಕುದಿಯುವುದು ಸೊನ್ನೆಯ ಆಸುಪಾಸಿನಲ್ಲಿ. ಹಗುರವಾದ ಪ್ರೊಪೇನ್ ಮೊದಲು ಹೆಚ್ಚಾಗಿ ಹೊರಟುಹೋಗಿ ಕೊನೆಗೆ ಬ್ಯೂಟೇನ್ ಪಾಲು ಹೆಚ್ಚುಳಿಯುತ್ತದೆ, ಒತ್ತಡವೂ ತಗ್ಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯ ಬೆಳಗುಗಳಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಹಾಗೆಂದು ಸಿಲಿಂಡರನ್ನು ಬಿಸಿನೀರಿನಲ್ಲಿ ಇಡುವುದು, ಉರಿಯ ಬಳಿ ಕಾಯಿಸುವುದು ತೀರಾ ಅಪಾಯಕರ.

ಉರಿ ತೂತುಗಳಿಂದ ಮೇಲಕ್ಕೆದ್ದು, ಬುಸುಗುಡುತ್ತ, ಆಗಾಗ ಆರಿಹೋದರೆ ಗಾಳಿ ಅಥವಾ ಒತ್ತಡ ಮಿತಿಮೀರಿದೆ. ಗಾಳಿ ಬಳೆಯನ್ನು ತುಸು ಮುಚ್ಚಿದರೆ ಸರಿಹೋಗಬೇಕು. ಎಲ್ಲ ಬರ್ನರಿನಲ್ಲೂ ಒಮ್ಮೆಗೇ ಹೀಗಾದರೆ ರೆಗ್ಯುಲೇಟರ್ ಒತ್ತಡ ತಗ್ಗಿಸುತ್ತಿಲ್ಲವೆಂದು ಶಂಕಿಸಬೇಕು. ಸಿಲಿಂಡರ್ ಮುಚ್ಚಿ ಏಜೆನ್ಸಿಗೆ ತಿಳಿಸಬೇಕು.

ಇದಕ್ಕೆ ತದ್ವಿರುದ್ಧವಾದ ದೋಷದಲ್ಲಿ ಉರಿ ಹಿಮ್ಮುಖವಾಗಿ ಒಳಕ್ಕಿಳಿಯುತ್ತದೆ. ಮೇಲೆ ಉರಿ ಮಾಯವಾಗಿ, ಬರ್ನರಿನ ಕೊಳವೆಯೊಳಗೆ ಜೆಟ್ಟಿನ ಬಳಿಯೇ ಉರಿಯತೊಡಗಿ, ಒಲೆಯ ಕೆಳಗಿನಿಂದ ಮೊರೆಯುವ ಸದ್ದು ಬರುತ್ತದೆ. ಮುಚ್ಚಳ ಓರೆಯಾಗಿ ಕೂತಾಗ, ಸವೆದು ತೂತು ದೊಡ್ಡದಾದಾಗ, ಗ್ಯಾಸಿನ ಒತ್ತಡ ತಗ್ಗಿದಾಗ ಹೀಗಾಗುತ್ತದೆ. ಕೂಡಲೇ ನಾಬ್ ಮುಚ್ಚಿ, ಬರ್ನರ್ ತಣ್ಣಗಾಗಲು ಬಿಟ್ಟು, ಮುಚ್ಚಳ ಸರಿಪಡಿಸಿ ಮತ್ತೆ ಹೊತ್ತಿಸಬೇಕು. ಮರುಕಳಿಸಿದರೆ ಮುಚ್ಚಳ ಬದಲಿಸಬೇಕು.

ಉರಿ ಸಿಮ್‌ಗೆ ತಂದಾಗ ಆರಿಹೋಗುವುದು ಮತ್ತೊಂದು ಸಾಮಾನ್ಯ ದೂರು. ಕವಾಟದೊಳಗೆ ಸಣ್ಣ ಉರಿಗೆಂದು ಬೇರೆಯೇ ಒಂದು ಕಿರುರಂಧ್ರ ಇರುತ್ತದೆ. ಹಳೆಯ ಗ್ರೀಸು, ಧೂಳು ಅದರಲ್ಲಿ ತುಂಬಿದರೆ ಸಿಮ್ ಉರಿ ನಿಲ್ಲುವುದಿಲ್ಲ. ಇದನ್ನು ಬಿಡಿಸುವುದು ಮೆಕ್ಯಾನಿಕ್ಕಿನ ಕೆಲಸ. ಫ್ಯಾನಿನ ಗಾಳಿಗೂ ಸಣ್ಣ ಉರಿ ಆರಬಹುದು. ಉರಿ ಆರಿದರೂ ಗ್ಯಾಸ್ ಹರಿಯುತ್ತಲೇ ಇರುವುದರಿಂದ, ಸಿಮ್‌ನಲ್ಲಿ ಹಾಲು ಅಥವಾ ಪಲ್ಯ ಇಟ್ಟು ಹೊರಗೆ ಹೋಗುವುದು ಸಲ್ಲದು.

ನಾಬ್ ಬಿಗಿಯಾಗುವುದಕ್ಕೂ ಕಾರಣ ಒಣಗಿದ ಗ್ರೀಸೇ. ಬಿಗಿಯಾದ ನಾಬಿಗೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಎಣ್ಣೆ ಶಾಖಕ್ಕೆ ಅಂಟಾಗಿ ಕೆಲವೇ ದಿನಗಳಲ್ಲಿ ನಾಬ್ ಇನ್ನಷ್ಟು ಹಿಡಿದುಕೊಳ್ಳುತ್ತದೆ. ಇಕ್ಕಳದಿಂದ ತಿರುಗಿಸಿದರೆ ಕವಾಟ ಸವೆದು ಸೋರುತ್ತದೆ. ಮೆಕ್ಯಾನಿಕ್ ಕವಾಟ ಬಿಚ್ಚಿ, ಒರೆಸಿ, ಶಾಖ ತಡೆಯುವ ಗ್ರೀಸ್ ಹಚ್ಚಿ ಮರುಜೋಡಿಸಿದ ಮೇಲೆ ಸೋಪಿನ ನೀರಿನ ಪರೀಕ್ಷೆ ಮಾಡಿಯೇ ಹೋಗಬೇಕು.

ಲೈಟರ್ ಬೇಡದ ಒಲೆಗಳಲ್ಲಿ ಕಿಡಿ ಬಾರದಿದ್ದರೆ ಮೊದಲ ಶಂಕೆ ಬ್ಯಾಟರಿಯದು. ಎರಡನೆಯದು ಬರ್ನರಿನ ಪಕ್ಕದ ಬಿಳಿ ಪಿಂಗಾಣಿ ಕಡ್ಡಿಯ ಮೇಲಿನ ಜಿಡ್ಡು ಅಥವಾ ನೀರು. ಒಣಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ಕಿಡಿ ಮರಳುತ್ತದೆ. ತೊಳೆದ ಮೇಲೆ ಟಿಕ್ ಟಿಕ್ ಸದ್ದು ನಿಲ್ಲದೆ ಬರುತ್ತಿದ್ದರೂ ತೇವವೇ ಕಾರಣ. ಉರಿ ಆರಿದರೆ ಗ್ಯಾಸನ್ನು ತಾನಾಗಿ ತಡೆಯುವ ಏರ್ಪಾಡುಳ್ಳ ಒಲೆಗಳಲ್ಲಿ ಬರ್ನರಿನ ಪಕ್ಕ ಇನ್ನೊಂದು ಲೋಹದ ಕಡ್ಡಿ ಇರುತ್ತದೆ. ಅದು ಬಿಸಿಯಾದಾಗ ಹುಟ್ಟುವ ಅಲ್ಪ ವಿದ್ಯುತ್ತೇ ಕವಾಟವನ್ನು ತೆರೆದು ಹಿಡಿಯುತ್ತದೆ. ಹೊತ್ತಿಸಿದ ಮೇಲೆ ನಾಬನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾಗುವುದು ಇದರಿಂದ. ಕೈ ಬಿಟ್ಟೊಡನೆ ಉರಿ ಆರಿದರೆ ಆ ಕಡ್ಡಿ ಮಸಿ ಹಿಡಿದಿದೆ ಅಥವಾ ಬಾಗಿ ಉರಿಯಿಂದ ದೂರ ಸರಿದಿದೆ.

ಕೊಳವೆ ಗ್ಯಾಸಿನ ಮನೆಗಳಲ್ಲಿ

ಬೆಂಗಳೂರು, ಹುಬ್ಬಳ್ಳಿ-ಧಾರವಾಡದಂಥ ನಗರಗಳಲ್ಲಿ ಮನೆಗಳಿಗೆ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಬರುತ್ತಿದೆ. ಇದರಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಅಷ್ಟೇ ಗಾತ್ರದ ಎಲ್‌ಪಿಜಿಗೆ ಹೋಲಿಸಿದರೆ ಇದರ ಶಾಖ ಅರ್ಧಕ್ಕೂ ಕಡಿಮೆ. ಹೀಗಾಗಿ ಎಲ್‌ಪಿಜಿ ಒಲೆಯನ್ನು ಹಾಗೆಯೇ ಜೋಡಿಸಿದರೆ ಉರಿ ಸೊರಗುತ್ತದೆ. ದೊಡ್ಡ ರಂಧ್ರದ ಜೆಟ್ ಹಾಕಬೇಕು. ಮನೆ ಬದಲಿಸಿ ಮತ್ತೆ ಸಿಲಿಂಡರಿಗೆ ಮರಳುವವರು ಜೆಟ್ಟನ್ನು ಮರಳಿ ಬದಲಿಸಿಕೊಳ್ಳಲು ಮರೆಯಬಾರದು. ದೊಡ್ಡ ಜೆಟ್ಟಿನಿಂದ ಎಲ್‌ಪಿಜಿ ಹರಿದರೆ ಉರಿ ಎತ್ತರಕ್ಕೆದ್ದು, ಹಳದಿಯಾಗಿ, ಮಸಿ ಕಾರುತ್ತದೆ. ಮೀಥೇನ್ ಗಾಳಿಗಿಂತ ಹಗುರ. ಸೋರಿದರೆ ಚಾವಣಿಯ ಕಡೆಗೆ ಏರುತ್ತದೆ, ಆದ್ದರಿಂದ ಈ ಮನೆಗಳಲ್ಲಿ ಗಾಳಿಗಂಡಿ ಮೇಲ್ಭಾಗದಲ್ಲಿರುವುದು ಮುಖ್ಯ.

ಉಳಿತಾಯ ಮತ್ತು ತಪಾಸಣೆ

ಮನೆಬಳಕೆಯ ಎಲ್‌ಪಿಜಿ ಒಲೆಗಳಿಗೆ ಭಾರತೀಯ ಮಾನಕವಾದ ಐಎಸ್ 4246 ವಿಧಿಸುವ ಕನಿಷ್ಠ ದಕ್ಷತೆ ಶೇಕಡ 68. ಅಂದರೆ ಒಳ್ಳೆಯ ಒಲೆಯಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಶಾಖ ಪಾತ್ರೆಗೆ ಸೇರದೆ ಹೋಗಬಹುದು. ಕಟ್ಟಿಕೊಂಡ ಬರ್ನರ್, ಮಸಿ ಹಿಡಿದ ತಳ, ಪಾತ್ರೆಯ ಅಂಚು ಮೀರಿ ಚಾಚುವ ಉರಿ ಈ ನಷ್ಟವನ್ನು ಹೆಚ್ಚಿಸುತ್ತವೆ. ಉರಿ ಪಾತ್ರೆಯ ತಳದೊಳಗೇ ನಿಲ್ಲಬೇಕು. ಕುದಿ ಬಂದ ಮೇಲೆ ಸಿಮ್ ಮಾಡಬೇಕು, ಏಕೆಂದರೆ ಕುದಿಯುವ ನೀರಿನ ಬಿಸಿ ಉರಿ ಹೆಚ್ಚಿಸಿದರೂ ಏರದು. ಬೇಳೆಕಾಳು ನೆನೆಸಿಡುವುದು, ಮುಚ್ಚಿ ಬೇಯಿಸುವುದು, ಕುಕ್ಕರ್ ಬಳಸುವುದು ಗ್ಯಾಸನ್ನು ಗಣನೀಯವಾಗಿ ಉಳಿಸುತ್ತವೆ.

ಮನೆಯವರು ಎಷ್ಟೇ ಎಚ್ಚರ ವಹಿಸಿದರೂ 5 ವರ್ಷಕ್ಕೊಮ್ಮೆ ಏಜೆನ್ಸಿಯ ಮೆಕ್ಯಾನಿಕ್ಕಿನಿಂದ ತಪಾಸಣೆ ಕಡ್ಡಾಯ. ಮನೆಗೆ ಬಂದವರ ಗುರುತಿನ ಚೀಟಿ ನೋಡಿ, ಅನುಮಾನವಿದ್ದರೆ ಏಜೆನ್ಸಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಒಲೆ ಮುಟ್ಟಲು ಬಿಡಬೇಕು. ತಪಾಸಣೆಯ ಹೆಸರಿನಲ್ಲಿ ಬಂದು ಬಿಡಿಭಾಗ ಮಾರಿ ಹೋಗುವವರೂ ಇದ್ದಾರೆ. ವರ್ಷಕ್ಕೊಮ್ಮೆ ಕವಾಟ, ಜೆಟ್‌ಗಳ ಸರ್ವೀಸ್ ಮಾಡಿಸಿದರೆ ಒಲೆಯ ಆಯುಸ್ಸು ಹೆಚ್ಚುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಒಲೆಯ ತಳ ಮತ್ತು ಗ್ಯಾಸ್ ಹರಿಯುವ ಕೊಳವೆ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿ ಇದನ್ನು ತಪ್ಪಿಸಬಾರದು. ಒಳಕೊಳವೆ ತುಕ್ಕು ತಿಂದಿದ್ದರೆ, ಗ್ರೀಸ್ ಹಾಕಿಸಿದರೂ ಕವಾಟ ಸೋರುತ್ತಿದ್ದರೆ, ಬರ್ನರ್ ಬಿರಿದು ಅದೇ ಅಳತೆಯ ಬಿಡಿಭಾಗ ಸಿಗದಿದ್ದರೆ ರಿಪೇರಿಗೆ ಹಣ ಸುರಿಯುವ ಬದಲು ಐಎಸ್‌ಐ ಗುರುತಿನ ಹೊಸ ಒಲೆ ತರುವುದೇ ಸರಿ.